ಹದಿನಾರು ಹಗಲುಗಳ ಲೇಹ್

ಕಲ್ಯಾಣದಲ್ಲಿ ಬೆಂಗಳೂರಿನ ರೈಲು ಹತ್ತಿ ಊರಿಗೆ ಹೊರಡುವ ನಮಗೆಲ್ಲ ಕರ್ಜತ್ ನಿಲ್ದಾಣದ ಆ ಕೆಲವು ನಿಮಿಷಗಳು ಚಿರಪರಿಚಿತ. ಪ್ಲಾಟ್‌ಫಾರ್ಮಿನಲ್ಲಿ ವಡಾ ಮಾರುವವರ ಕೂಗು ಕೇಳುತ್ತಿರುವಾಗಲೇ ಗಾಡಿ ಒಮ್ಮೆ ಮೆಲ್ಲನೆ ಕುಲುಕುತ್ತದೆ. ಘಟ್ಟ ಏರಲು ಹೆಚ್ಚುವರಿ ಎಂಜಿನ್‌ಗಳು ಬಂದು ಹಿಂಬದಿಗೆ ಕೂಡಿಕೊಂಡಿರುತ್ತವೆ. 1863ರಲ್ಲಿ ಸಂಚಾರಕ್ಕೆ ತೆರೆದ ಭೋರ್ ಘಾಟ್ ಮಾರ್ಗವು 37 ಅಡಿ ಸಾಗುವಷ್ಟರಲ್ಲಿ ಒಂದು ಅಡಿ ಏರುವಷ್ಟು ಕಡಿದಾಗಿದೆ. ಬಯಲಿನಲ್ಲಿ ಎಷ್ಟೇ ವೇಗವಾಗಿ ಓಡಿ ಬಂದ ಗಾಡಿಯಾದರೂ ಇಲ್ಲಿ ನಿಂತು, ಸಿದ್ಧವಾಗಿ, ನಿಧಾನವಾಗಿಯೇ ಮೇಲೇರಬೇಕು. ಹೀಗೆ ಏರಿದರೂ ನಾವು ತಲುಪುವುದು ಸುಮಾರು 600 ಮೀಟರ್ ಎತ್ತರದ ಲೋಣಾವಳಾವನ್ನು ಮಾತ್ರ.

ಎಂಜಿನ್ನಿಗೆ ಏರುವ ಮುನ್ನ ಸಿದ್ಧತೆ ಬೇಕೆಂಬುದು ರೈಲ್ವೆಗೆ ಮೊದಲ ದಿನದಿಂದಲೇ ಗೊತ್ತಿತ್ತು. ಮನುಷ್ಯನ ದೇಹಕ್ಕೂ ಅಂಥದೊಂದು ಸಿದ್ಧತೆ ಬೇಕೆಂಬುದು ಶಾಸ್ತ್ರವಾಗಿ ಸ್ಥಿರಪಟ್ಟುದು ಬಹಳ ತಡವಾಗಿ; ಭಾರತದ ಮಟ್ಟಿಗೆ ಹೇಳುವುದಾದರೆ, ಒಂದು ಯುದ್ಧವನ್ನು ಸೋತ ಮೇಲೆ. ಆ ಚರಿತ್ರೆಯನ್ನು ನಾನು ಹುಡುಕಿಕೊಂಡು ಹೋಗಲು ಕಾರಣವಾದ ರಾತ್ರಿಯ ಸಂಗತಿಯನ್ನು ಮೊದಲು ಹೇಳಬೇಕು.

ಕೆಲವು ವರ್ಷಗಳ ಹಿಂದೆ ಡೊಂಬಿವಲಿಯ ನಮ್ಮ ಕಟ್ಟಡದ ಹಾಗೂ ನೆರೆಯ ಕೆಲವು ನಿವೃತ್ತರು ಸೇರಿ ಲಡಾಖ್ ಪ್ರವಾಸಕ್ಕೆ ಹೋಗಿದ್ದೆವು. ಪ್ರವಾಸದ ಪಟ್ಟಿ ಹೀಗಿತ್ತು: ಮೊದಲನೆಯ ದಿನ ವಿಮಾನದಲ್ಲಿ ಲೇಹ್, ಅಂದೇ ಸಂಜೆ ಪೇಟೆ ಮತ್ತು ಸ್ತೂಪದ ದರ್ಶನ; ಎರಡನೆಯ ದಿನ ಖಾರ್ದುಂಗ್ ಲಾ ದಾಟಿ ನುಬ್ರಾ ಕಣಿವೆ; ಮೂರನೆಯ ದಿನ ಪ್ಯಾಂಗಾಂಗ್ ಸರೋವರದ ದಡದಲ್ಲಿ ವಾಸ್ತವ್ಯ. ನಮ್ಮಲ್ಲಿ ಹಿರಿಯರೊಬ್ಬರಿದ್ದರು. ನಿತ್ಯ ನಸುಕಿನಲ್ಲೆದ್ದು ಐದು ಕಿಲೋಮೀಟರ್ ನಡೆಯುವವರು; ನಮ್ಮೆಲ್ಲರಿಗಿಂತ ಗಟ್ಟಿಮುಟ್ಟಾದವರು. ಲೇಹ್‌ನ ಮೊದಲ ಸಂಜೆಯೇ ಅವರಿಗೆ ತಲೆನೋವು ಶುರುವಾಗಿತ್ತಂತೆ. ತಮ್ಮಿಂದ ಎಲ್ಲರ ಪ್ರವಾಸ ಕೆಡಬಾರದೆಂದು ಅವರು ಬಾಯಿ ಬಿಡಲಿಲ್ಲ. ಮೂರನೆಯ ರಾತ್ರಿ ಪ್ಯಾಂಗಾಂಗ್‌ನ ಡೇರೆಯಲ್ಲಿ, ಊರಿನಲ್ಲಿರುವ ತಮ್ಮನೊಡನೆ ಮಾತನಾಡುವವರಂತೆ ಅವರು ಏನೇನೋ ಮಾತನಾಡತೊಡಗಿದರು. ನಿದ್ದೆಗಣ್ಣಿನ ಬಡಬಡಿಕೆಯೆಂದು ನಾವು ಭಾವಿಸಿದೆವು. ನಮ್ಮ ಗಾಡಿಯ ಚಾಲಕ ಮಾತ್ರ, ಆತ ಲಡಾಖಿನವನೇ, ಅವರನ್ನು ಎಬ್ಬಿಸಿ ನೆಲದ ಮೇಲೆ ನೇರವಾಗಿ ನಾಲ್ಕು ಹೆಜ್ಜೆ ಇಡುವಂತೆ ಹೇಳಿದ. ಅವರಿಗೆ ಆಗಲಿಲ್ಲ. ಬೆಳಗಾಗುವವರೆಗೆ ಕಾಯೋಣವೆಂಬ ನಮ್ಮ ಮಾತಿಗೆ ಆತ ಒಪ್ಪಲಿಲ್ಲ. ಆದರೆ ಲೇಹ್‌ಗೆ ಇಳಿಯಬೇಕೆಂದರೆ ನಡುವೆ 5,300 ಮೀಟರ್ ಮೀರಿದ ಚಾಂಗ್ ಲಾ ಕಣಿವೆದಾರಿಯಿದೆ; ಇಳಿಯುವುದಕ್ಕೂ ಮೊದಲು ಏರಲೇಬೇಕು! ಆದ್ದರಿಂದ ದಾರಿಯ ತಗ್ಗಿನ ಊರೊಂದರ ಆರೋಗ್ಯ ಕೇಂದ್ರಕ್ಕೆ ಕತ್ತಲಲ್ಲೇ ಕರೆದೊಯ್ದು ಆಮ್ಲಜನಕ ಕೊಡಿಸಿ, ಮರುದಿನ ಆಮ್ಲಜನಕದೊಡನೆಯೇ ಲೇಹ್ ಆಸ್ಪತ್ರೆಗೆ ಸಾಗಿಸಬೇಕಾಯಿತು. ಅವರು ಚೇತರಿಸಿಕೊಂಡರು. ಆದರೆ ಆ ಚಾಲಕನಿಗೆ ತಿಳಿದಿದ್ದುದು ಪದವೀಧರರಾದ ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲವಲ್ಲ ಎಂಬ ಸಂಗತಿ ನನ್ನನ್ನು ಬಹುಕಾಲ ಕಾಡಿತು.

ತಿಳಿಯದೇ ಇದ್ದುದಕ್ಕೆ ಒಂದು ಭೌಗೋಳಿಕ ಕಾರಣವಿದೆ. ಎತ್ತರದ ಬೇನೆ ಸಾಮಾನ್ಯವಾಗಿ ತಲೆದೋರುವುದು ಸುಮಾರು 2,500 ಮೀಟರ್ ದಾಟಿದ ಮೇಲೆ. ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಮಹಾರಾಷ್ಟ್ರದ ಕಳಸೂಬಾಯಿ 1,646 ಮೀಟರ್. ನಾವು ಹುಟ್ಟಿದ ನಾಡಿನಲ್ಲೂ ನೆಲೆಸಿದ ನಾಡಿನಲ್ಲೂ ಈ ಬೇನೆ ಬರುವಷ್ಟು ಎತ್ತರದ ನೆಲವೇ ಇಲ್ಲ. ಆದ್ದರಿಂದ ಕನ್ನಡದಲ್ಲಿ ಇದಕ್ಕೆ ಮನೆಮಾತಿನ ಹೆಸರಿಲ್ಲ. ಹೆಸರಿಲ್ಲದಿದ್ದರೂ ಇದರ ಮದ್ದಿಗೆ ಬೇಕಾದ ಪದ ಕನ್ನಡದಲ್ಲಿದೆ: ಒಗ್ಗುವುದು. ಮುಂಬಯಿಗೆ ಬಂದ ಹೊಸತರಲ್ಲಿ ನಮ್ಮ ಹಿರಿಯರು ಊರಿಗೆ ಬರೆದ ಕಾಗದಗಳಲ್ಲಿ 'ಇಲ್ಲಿನ ಹವೆ, ನೀರು ಇನ್ನೂ ಒಗ್ಗಿಲ್ಲ' ಎಂಬ ಮಾತು ಬರುತ್ತಿತ್ತು. ಒಗ್ಗುವುದು ಸಂಕಲ್ಪಬಲದಿಂದ ಆಗುವ ಕೆಲಸವಲ್ಲ, ಅದಕ್ಕೆ ದಿನಗಳು ಬೇಕು ಎಂಬ ತಿಳಿವು ಆ ಪದದಲ್ಲೇ ಅಡಗಿದೆ.

ಹಿಮಾಲಯದ ಏರಿನಲ್ಲಿ ಬಳಲಿದವರ ಚಿತ್ರ ನಮ್ಮ ಪುರಾಣಗಳಿಗೆ ಹೊಸತಲ್ಲ. ಮಹಾಭಾರತದ ವನಪರ್ವದಲ್ಲಿ ಗಂಧಮಾದನದ ದಾರಿಯಲ್ಲಿ ದ್ರೌಪದಿ ಕುಸಿದು ಮೂರ್ಛೆ ಹೋಗುತ್ತಾಳೆ; ಮುಂದಿನ ದಾರಿಗೆ ಭೀಮನು ಘಟೋತ್ಕಚನನ್ನು ಕರೆಸಿಕೊಳ್ಳಬೇಕಾಗುತ್ತದೆ. ಇದನ್ನು ವೈದ್ಯಕೀಯ ದಾಖಲೆಯೆಂದು ಓದುವುದು ಸಲ್ಲದು. ಆದರೆ ಲಡಾಖ್‌ನದೇ ಆದ, ಕಣ್ಣಾರೆ ಕಂಡವನೊಬ್ಬನ ದಾಖಲೆ ಇದೆ. ಅದನ್ನು ಬರೆದವನು ಬಾಬರನ ತಾಯಿಯ ತಂಗಿಯ ಮಗ ಮಿರ್ಜಾ ಹೈದರ್ ದುಘ್ಲಾತ್. 1532ರಲ್ಲಿ ಆತ ಯಾರ್ಕಂಡದ ಒಡೆಯ ಸುಲ್ತಾನ್ ಸೈದ್ ಖಾನನ ಸೇನೆಯೊಡನೆ ಕಾರಕೋರಂ ದಾಟಿ ಲಡಾಖ್ ಮೇಲೆ ದಂಡೆತ್ತಿ ಬಂದ. ಮುಂದೆ ಕಾಶ್ಮೀರವನ್ನು ಆಳುತ್ತಿದ್ದಾಗ ಬರೆದ 'ತಾರೀಖ್-ಇ-ರಶೀದಿ' ಎಂಬ ಪಾರಸಿ ಗ್ರಂಥದಲ್ಲಿ ಆತ ಇಲ್ಲಿನ ಬೇನೆಯೊಂದನ್ನು 'ದಮ್-ಗಿರಿ' ಎಂದು ಕರೆದಿದ್ದಾನೆ. ಉಸಿರು ಹಿಡಿಯುವುದು ಎಂದು ಅರ್ಥ. ನಾವು ಬಳಸುವ 'ದಮ್ಮು' ಎಂಬ ಮಾತಿನ ಮೂಲವೂ ಆ 'ದಮ್' ಪದವೇ.

ಆತನ ವರ್ಣನೆ ಬೆರಗು ಹುಟ್ಟಿಸುವಷ್ಟು ನಿಖರವಾಗಿದೆ. ಬೆನ್ನ ಮೇಲೆ ಹೊರೆ ಹೊತ್ತು ಗುಡ್ಡ ಹತ್ತಿದವನಂತೆ ಏದುಸಿರು, ನಿದ್ದೆ ಹತ್ತುವುದೇ ಕಷ್ಟ, ಹತ್ತಿದರೂ ಎದೆ ಅದುಮಿದಂತಾಗಿ ಬೆಚ್ಚಿ ಏಳುವುದು, ಕೈಕಾಲುಗಳು ಊದುವುದು, ಬೇನೆ ಬಲಿತಾಗ ಅರ್ಥವಿಲ್ಲದ ಮಾತು, ಆಮೇಲೆ ಮಾತೇ ನಿಲ್ಲುವುದು. ಇದು ಪರಸ್ಥಳದವರನ್ನಷ್ಟೇ ಕಾಡುತ್ತದೆ, ಈ ನೆಲದವರಿಗೆ ಇದರ ಅರಿವೇ ಇಲ್ಲ, ಮನುಷ್ಯರನ್ನಲ್ಲದೆ ಕುದುರೆಗಳನ್ನೂ ಬಿಡುವುದಿಲ್ಲ ಎಂದೂ ಆತ ಗುರುತಿಸಿದ್ದಾನೆ. 1533ರಲ್ಲಿ ಯಾರ್ಕಂಡಕ್ಕೆ ಮರಳುವ ದಾರಿಯಲ್ಲಿ ಸೈದ್ ಖಾನನೇ ಈ ದಮ್-ಗಿರಿಗೆ ಬಲಿಯಾದ. ಪ್ಯಾಂಗಾಂಗ್‌ನ ಆ ರಾತ್ರಿ ನಮ್ಮ ಹಿರಿಯರು ಆಡಿದ ಅಸಂಬದ್ಧ ಮಾತುಗಳಿಗೆ ಸುಮಾರು 500 ವರ್ಷ ಹಳೆಯ ವ್ಯಾಖ್ಯಾನವೊಂದು ಸಿದ್ಧವಾಗಿಯೇ ಇತ್ತು.

ಇದನ್ನು ಕಂಡವರು ಇನ್ನೂ ಹಲವರು. ಚೀನಾದ ಹಾನ್ ವಂಶದ ಇತಿಹಾಸಗ್ರಂಥವು ಪಶ್ಚಿಮದ ದಾರಿಯಲ್ಲಿರುವ ದೊಡ್ಡ ತಲೆನೋವಿನ ಬೆಟ್ಟ, ಚಿಕ್ಕ ತಲೆನೋವಿನ ಬೆಟ್ಟಗಳ ಬಗೆಗೆ ಎಚ್ಚರಿಸುತ್ತದೆ. ಹಿಮಾಲಯದ ಕೆಲವೆಡೆ ಇದನ್ನು ವಿಷಗಾಳಿಯೆಂದು ಕರೆದರು. ಕಣಿವೆದಾರಿಯ ಗಿಡಗಳಿಂದಲೋ ನೆಲದಿಂದಲೋ ವಿಷ ಹೊಮ್ಮುತ್ತದೆಂಬ ನಂಬಿಕೆ ಅದರ ಹಿಂದಿತ್ತು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದವರು ಲೋಹದ ಅದಿರಿನ ಆವಿಯೇ ಕಾರಣವೆಂದುಕೊಂಡರು. ಅದೇ ಆಂಡೀಸಿನ ಕಣಿವೆದಾರಿಯೊಂದರಲ್ಲಿ ವಾಂತಿ ಮಾಡುತ್ತ ಸಾಗಿದ್ದ ಸ್ಪೇನಿನ ಪಾದ್ರಿ ಹೋಸೆ ದೆ ಅಕೋಸ್ತಾ ಮಾತ್ರ, 1590ರ ತನ್ನ ಗ್ರಂಥದಲ್ಲಿ, ಅಲ್ಲಿನ ಗಾಳಿ ಮನುಷ್ಯನ ಉಸಿರಾಟಕ್ಕೆ ಹೊಂದದಷ್ಟು ತೆಳುವಾಗಿದೆಯೆಂದು ಊಹಿಸಿದ.

ಊಹೆ ಶಾಸ್ತ್ರವಾಗಲು ಸುಮಾರು ಮೂರು ಶತಮಾನ ಬೇಕಾಯಿತು. 1640ರ ದಶಕದಲ್ಲಿ ಇಟಲಿಯ ಟೊರಿಚೆಲ್ಲಿ ಪಾದರಸದ ಕೊಳವೆಯಿಂದ ಗಾಳಿಯ ಒತ್ತಡವನ್ನು ಅಳೆದ. 1648ರ ಸೆಪ್ಟೆಂಬರಿನಲ್ಲಿ ಪಾಸ್ಕಲನ ಭಾವ ಪೆರಿಯೆ ಅಂಥದೇ ಕೊಳವೆಯನ್ನು ಫ್ರಾನ್ಸಿನ ಬೆಟ್ಟವೊಂದರ ತುದಿಗೆ ಒಯ್ದು, ಏರಿದಷ್ಟೂ ಪಾದರಸ ಇಳಿಯುವುದನ್ನು ತೋರಿಸಿದ. 1878ರಲ್ಲಿ ಫ್ರೆಂಚ್ ವಿಜ್ಞಾನಿ ಪಾಲ್ ಬರ್ಟ್ ತನ್ನ ಬೃಹತ್ ಗ್ರಂಥದಲ್ಲಿ ಕಾರಣವನ್ನು ಸ್ಥಾಪಿಸಿದ: ಎತ್ತರದ ಗಾಳಿಯಲ್ಲೂ ಆಮ್ಲಜನಕದ ಪಾಲು ನೂರಕ್ಕೆ 21ರಷ್ಟೇ ಇರುತ್ತದೆ, ಕುಗ್ಗುವುದು ಒಟ್ಟು ಒತ್ತಡ, ಅದರೊಡನೆ ಪ್ರತಿ ಉಸಿರಿನಲ್ಲಿ ದೇಹಕ್ಕೆ ದಕ್ಕುವ ಆಮ್ಲಜನಕ. ಅದಕ್ಕೆ ಮೂರು ವರ್ಷ ಮುಂಚೆ, 1875ರ ಏಪ್ರಿಲಿನಲ್ಲಿ, 'ಜೆನಿತ್' ಎಂಬ ಬಲೂನಿನಲ್ಲಿ ಮೂವರು ಫ್ರೆಂಚರು ಎಂಟು ಸಾವಿರ ಮೀಟರಿಗೂ ಮೇಲೇರಿದ್ದರು. ಆಮ್ಲಜನಕದ ಚೀಲಗಳು ಜೊತೆಗಿದ್ದವು. ಆದರೆ ಅವು ಬೇಕೆನಿಸುವಷ್ಟರಲ್ಲಿ ಕೈಗಳು ಎತ್ತಲಾಗದಷ್ಟು ಜಡವಾಗಿದ್ದವು. ಇಬ್ಬರು ಸತ್ತರು, ಗಾಸ್ತೊಂ ಟಿಸಾಂಡಿಯೇ ಒಬ್ಬನೇ ಉಳಿದ. ಈ ಬೇನೆಯ ಅಪಾಯವಿರುವುದು ಇಲ್ಲಿಯೇ. ಅದು ಮೊದಲು ಮಂಕಾಗಿಸುವುದು ಅದನ್ನು ಗುರುತಿಸಬೇಕಾದ ಬುದ್ಧಿಯನ್ನು. ಇಂದು ನಮ್ಮ ವಾಯುಪಡೆಯ ವಿಮಾನ ಚಾಲಕರು ಇದೇ ಅನುಭವವನ್ನು ನೆಲದ ಮೇಲೆಯೇ ಕಲಿಯುತ್ತಾರೆ. 1957ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ, ಈಗ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಎಂದು ಕರೆಯಲಾಗುವ ಸಂಸ್ಥೆಯಲ್ಲಿ ಗಾಳಿಯ ಒತ್ತಡ ಇಳಿಸುವ ಕೋಣೆಯಿದೆ.

ಮತ್ತೆ ಲೇಹ್‌ಗೆ ಬರೋಣ. ಸುಮಾರು 3,500 ಮೀಟರ್ ಎತ್ತರದ ಈ ಪಟ್ಟಣದಲ್ಲಿ ಗಾಳಿಯ ಒತ್ತಡ ಡೊಂಬಿವಲಿಯಲ್ಲಿ ಇರುವುದರ ಮೂರನೆಯ ಎರಡು ಪಾಲಿನಷ್ಟು. ಆದರೂ ಶತಮಾನಗಳ ಕಾಲ ಕಾಶ್ಮೀರದ ವ್ಯಾಪಾರಿಗಳು ಇಲ್ಲಿಗೆ ಬಂದುಹೋಗುತ್ತಿದ್ದರು. ಶ್ರೀನಗರದಿಂದ ಲೇಹ್‌ಗೆ ಹಳೆಯ ಲೆಕ್ಕದಲ್ಲಿ 16 ಪಯಣ, ಎಂದರೆ ಹದಿನಾರು ಹಗಲುಗಳ ನಡಿಗೆ. ಮೊದಲು ಸಿಂಧ್ ಕಣಿವೆಯ ಮೆಲ್ಲನೆಯ ಏರು. ಆಮೇಲೆ 11,575 ಅಡಿಯ ಜೋಜಿ ಲಾ. ಅದನ್ನು ದಾಟಿ ಸುಮಾರು 8,800 ಅಡಿಯ ಕಾರ್ಗಿಲ್‌ಗೆ ಇಳಿತ. ಮತ್ತೆ ನಾಮಿಕಾ ಲಾ ಮತ್ತು 13,479 ಅಡಿಯ ಫೋತು ಲಾ ಏರಿ, ಸಿಂಧೂ ನದಿಯ ತಗ್ಗಿಗೆ ಇಳಿದು ಲೇಹ್. ಹಗಲು ಎತ್ತರಕ್ಕೆ ಹೋಗು, ರಾತ್ರಿ ತಗ್ಗಿನಲ್ಲಿ ಮಲಗು ಎಂದು ಇಂದಿನ ಪರ್ವತಾರೋಹಿಗಳಿಗೆ ಕಲಿಸುವ ಪಾಠವನ್ನು ಆ ದಾರಿಯೇ ಪಾಲಿಸುತ್ತಿತ್ತು. ಹೇರುಗುದುರೆಯ ಹೆಜ್ಜೆಗಿಂತ ವೇಗವಾಗಿ ಹೋಗಲು ಯಾರಿಗೂ ಸಾಧ್ಯವಿರಲಿಲ್ಲ. ಆ ನಿಧಾನವೇ ಮದ್ದಾಗಿತ್ತು. ಅದನ್ನು ಮದ್ದೆಂದು ಯಾರೂ ಗುರುತಿಸಲಿಲ್ಲ, ಏಕೆಂದರೆ ಅದಿಲ್ಲದೆ ಲೇಹ್ ತಲುಪಿದವರೇ ಇರಲಿಲ್ಲ.

ಆ ನಿಧಾನ ಮೊದಲು ಮುರಿದುದು 1948ರ ಮೇ 24ರಂದು. ಅಂದು ಲೇಹ್ ಶತ್ರುಗಳ ವಶವಾಗುವ ಅಂಚಿನಲ್ಲಿತ್ತು. ಲಡಾಖಿನವರೇ ಆದ ಎಂಜಿನಿಯರ್ ಸೋನಂ ನೊರ್ಬು ಸ್ಥಳೀಯರನ್ನು ಕೂಡಿಸಿ ಸಿಂಧೂ ದಡದಲ್ಲಿ ಸಮಗೊಳಿಸಿದ್ದ ಪಟ್ಟಿಯ ಮೇಲೆ ಏರ್ ಕಮೋಡೋರ್ ಮೆಹರ್ ಸಿಂಗ್ ಡಕೋಟ ವಿಮಾನವೊಂದನ್ನು ಇಳಿಸಿದರು. ಒಳಗೆ ಕುಳಿತಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯ. ಡಕೋಟದೊಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇರಲಿಲ್ಲ, ದಾರಿಯುದ್ದಕ್ಕೂ ಹಿಮಶಿಖರಗಳು. ಹೀಗೆ ವಾಯುಮಾರ್ಗದಿಂದ ಲೇಹ್ ತಲುಪಿದ ಮೊದಲಿಗರಲ್ಲಿ ಒಬ್ಬರು ನಮ್ಮ ಕೊಡಗಿನವರು. ಆ ಸಾಹಸದಿಂದ ಸೈನಿಕರು ಬಂದಿಳಿದು ಲೇಹ್ ಉಳಿಯಿತು. ಅದೇ ನವೆಂಬರಿನಲ್ಲಿ ತಿಮ್ಮಯ್ಯನವರ ಸೇನೆ ಟ್ಯಾಂಕುಗಳನ್ನು ಜೋಜಿ ಲಾದ ಎತ್ತರಕ್ಕೇರಿಸಿ ನೆಲದ ದಾರಿಯನ್ನೂ ತೆರೆಯಿತು. ಆದರೆ ಹದಿನಾರು ಹಗಲುಗಳ ದಾರಿಯನ್ನು ಕೆಲವು ಗಂಟೆಗಳಿಗೆ ಇಳಿಸಿದಾಗ ದೇಹಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಯೂ ಅಂದೇ ಹುಟ್ಟಿತು.

ಅದಕ್ಕೆ ಕ್ರೂರವಾದ ಉತ್ತರ ದೊರೆತುದು 1962ರಲ್ಲಿ. ಬಯಲುಸೀಮೆಯ ಸೈನಿಕರನ್ನು, ಹತ್ತಿಯ ಸಮವಸ್ತ್ರದಲ್ಲಿಯೇ, ಒಗ್ಗಲು ದಿನಗಳನ್ನು ಕೊಡದೆ ಈಶಾನ್ಯ ಗಡಿಯ ಥಾಗ್ ಲಾ ಸುತ್ತಣ ಎತ್ತರಗಳಿಗೆ ಏರಿಸಲಾಯಿತು. ಬ್ರಿಗೇಡಿಯರ್ ಜಾನ್ ದಳ್ವಿಯವರು ಈ ದುರಂತವನ್ನು 'ಹಿಮಾಲಯನ್ ಬ್ಲಂಡರ್' ಗ್ರಂಥದಲ್ಲಿ ದಾಖಲಿಸಿದ್ದಾರೆ. ರವಿ ಬೆಳಗೆರೆಯವರ ಅನುವಾದದಿಂದ ಅದು ಕನ್ನಡಿಗರಿಗೆ ಸುಪರಿಚಿತ. ಚೀನಾದ ಗುಂಡಿಗೂ ಮುನ್ನ ಶ್ವಾಸಕೋಶದಲ್ಲಿ ನೀರು ತುಂಬಿ ಸತ್ತ ಯೋಧರಿದ್ದರು. ಅವರಷ್ಟೇ ಅಲ್ಲ, ಅಲ್ಲಿಗೆ ಧಾವಿಸಿ ಬಂದಿದ್ದ ದಂಡನಾಯಕ ಲೆಫ್ಟಿನೆಂಟ್ ಜನರಲ್ ಬಿ. ಎಂ. ಕೌಲ್ ಅವರೇ ಎತ್ತರದ ಗಾಳಿಗೆ ಅಸ್ವಸ್ಥರಾಗಿ, ಯುದ್ಧ ಶುರುವಾಗುವ ಕೆಲವೇ ದಿನ ಮುಂಚೆ ದೆಹಲಿಗೆ ಮರಳಬೇಕಾಯಿತು. ಹುದ್ದೆ, ಧೈರ್ಯ, ದೇಶಪ್ರೇಮ ಯಾವುದನ್ನೂ ಆ ಗಾಳಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆ ಸೋಲಿನ ಬಳಿಕ ನಮ್ಮ ಸೇನಾ ವೈದ್ಯರು ಮಾಡಿದ ಕೆಲಸಕ್ಕೆ ಸಲ್ಲಬೇಕಾದಷ್ಟು ಪ್ರಚಾರ ಸಂದಿಲ್ಲ. ಅಲ್ಲಿಯವರೆಗೆ ಇಂಥ ಶ್ವಾಸಕೋಶದ ಬೇನೆಯನ್ನು ಎಷ್ಟೋ ಕಡೆ ನ್ಯುಮೋನಿಯವೆಂದೇ ತಿಳಿಯಲಾಗುತ್ತಿತ್ತು. ಲೇಹ್‌ನ ಸೇನಾ ಆಸ್ಪತ್ರೆಯಲ್ಲಿ ದುಡಿದ ಎನ್. ಡಿ. ಮೆನನ್ ಅವರು 101 ರೋಗಿಗಳ ವಿವರಗಳನ್ನು 1965ರಲ್ಲಿ ಅಮೆರಿಕದ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1969ರಲ್ಲಿ ಇಂದರ್ ಸಿಂಗ್ ಮತ್ತು ಸಂಗಡಿಗರು ಅದೇ ಪತ್ರಿಕೆಯಲ್ಲಿ 1,925 ಸೈನಿಕರ ಅಧ್ಯಯನವನ್ನು ಮಂಡಿಸಿದರು. ಎತ್ತರದ ಬೇನೆಯ ಬಗೆಗೆ ಜಗತ್ತಿನಲ್ಲಿ ಎಲ್ಲಿಯೇ ಬರೆದರೂ ಇಂದಿಗೂ ಈ ಲೇಖನಗಳನ್ನು ಸ್ಮರಿಸುತ್ತಾರೆ. ಶ್ವಾಸಕೋಶದಲ್ಲಿ ನೀರು ತುಂಬುವುದು, ಮಿದುಳು ಬಾತುಕೊಳ್ಳುವುದು, ಇವೆರಡೂ ಆರೋಗ್ಯವಂತ ತರುಣನನ್ನೂ ಕೊಲ್ಲಬಲ್ಲವೆಂದು ಆ ಕಡತಗಳು ಸಾರಿದವು.

ಅಂಥ ಅನುಭವದಿಂದ ರೂಪುಗೊಂಡ ಸೇನೆಯ ಕ್ರಮ ಹೀಗಿದೆ: 9,000ದಿಂದ 12,000 ಅಡಿಯವರೆಗಿನ ಮೊದಲ ಹಂತದಲ್ಲಿ ಆರು ದಿನ, 15,000 ಅಡಿಯವರೆಗೆ ಇನ್ನೂ ನಾಲ್ಕು ದಿನ, ಅದಕ್ಕೂ ಮೇಲೆ ಮತ್ತೆ ನಾಲ್ಕು ದಿನ. ಮೊದಲ ಹಂತದ ಮೊದಲೆರಡು ದಿನ ವಿಶ್ರಾಂತಿಯೇ ಕರ್ತವ್ಯ. ರಜೆ ಮುಗಿಸಿ ಬಯಲಿನಿಂದ ಮರಳಿದವನೂ, ಎಷ್ಟೇ ಅನುಭವಿಯಾಗಿರಲಿ, ಮತ್ತೆ ಒಗ್ಗಿಕೊಳ್ಳಬೇಕು. ಒಟ್ಟು 14 ದಿನ! ವರ್ತಕರ 16 ಪಯಣಗಳ ಪಕ್ಕದಲ್ಲಿ ಈ ಸಂಖ್ಯೆಯನ್ನಿಟ್ಟು ನೋಡಿದಾಗ ನಾನು ಕ್ಷಣಕಾಲ ಪುಸ್ತಕ ಮುಚ್ಚಿ ಕುಳಿತೆ. ಎತ್ತರಗಳು ಬೇರೆ, ಉದ್ದೇಶ ಬೇರೆ. ಎರಡೂ ಒಂದೇ ಲೆಕ್ಕವಲ್ಲ. ಆದರೂ ವಿಮಾನವು ಕಸಿದುಕೊಂಡ ದಿನಗಳನ್ನು ಶಾಸ್ತ್ರವು ಆಜ್ಞೆಯ ರೂಪದಲ್ಲಿ ಮರಳಿ ತಂದಿತ್ತು.

ಆ ದಿನಗಳಲ್ಲಿ ದೇಹದೊಳಗೆ ನಡೆಯುವುದೇನು? ಆಮ್ಲಜನಕ ಕಡಿಮೆಯಾದೊಡನೆ ಉಸಿರಾಟ ಆಳವೂ ವೇಗವೂ ಆಗುತ್ತದೆ. ಹಾಗೆ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಕೂಡಲೇ ಮಿದುಳು ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ಮಿರ್ಜಾ ಹೈದರ್ ಬಣ್ಣಿಸಿದ, ನಿದ್ದೆಯಲ್ಲಿ ಬೆಚ್ಚಿ ಏಳುವ ಅನುಭವಕ್ಕೆ ಕಾರಣ ಈ ಜಗ್ಗಾಟವೇ. ಮೂತ್ರಪಿಂಡಗಳು ಹೆಚ್ಚಿನ ಕ್ಷಾರವನ್ನು ಹೊರಹಾಕಿ ಸಮತೋಲ ತರುತ್ತವೆ. ಆದರೆ ಅವಕ್ಕೆ ಕೆಲವು ದಿನಗಳೇ ಬೇಕು. ಅಸೆಟಝೋಲಮೈಡ್ ಎಂಬ ಔಷಧ ಈ ಕೆಲಸವನ್ನು ತುಸು ಚುರುಕುಗೊಳಿಸುತ್ತದೆ, ದಿನಗಳನ್ನು ಅಳಿಸಿಹಾಕುವುದಿಲ್ಲ. ವೈದ್ಯರನ್ನು ಕೇಳದೆ, ಅದರಲ್ಲೂ ಸಲ್ಫಾ ಔಷಧಗಳು ಒಗ್ಗದವರು, ಅದನ್ನು ನುಂಗಬಾರದು. ಕೆಂಪು ರಕ್ತಕಣಗಳು ಹೆಚ್ಚಲು ವಾರಗಳು ಬೇಕು. ಪರಸ್ಥಳದವರನ್ನಷ್ಟೇ ಏಕೆ ಕಾಡುತ್ತದೆಂಬ ಮಿರ್ಜಾನ ಪ್ರಶ್ನೆಗೆ 2010ರಲ್ಲಿ ಒಂದು ಭಾಗದ ಉತ್ತರ ಸಿಕ್ಕಿತು: ಟಿಬೆಟ್ ಪ್ರಸ್ಥಭೂಮಿಯ ಜನರಲ್ಲಿ ತೆಳುಗಾಳಿಗೆ ಹೊಂದಿದ ವಂಶವಾಹಿಯ ರೂಪವೊಂದು ತಲೆಮಾರುಗಳಿಂದ ನೆಲೆಸಿದೆ. ಅವರು ಸಾವಿರಾರು ವರ್ಷಗಳಲ್ಲಿ ಒಗ್ಗಿದ್ದನ್ನು ನಾವು ಒಂದು ಮಧ್ಯಾಹ್ನದಲ್ಲಿ ಸಾಧಿಸಹೊರಟಿದ್ದೆವು.

ಲಡಾಖ್ 1974ರಲ್ಲಿ ಪ್ರವಾಸಿಗಳಿಗೆ ತೆರೆಯಿತು. ಇಂದು ದೆಹಲಿಯಿಂದ ಲೇಹ್‌ಗೆ ವಿಮಾನದಲ್ಲಿ ಒಂದೂಕಾಲು ಗಂಟೆಯ ಆಸುಪಾಸು. ದಟ್ಟಣೆಯ ಹೊತ್ತಿನಲ್ಲಿ ಡೊಂಬಿವಲಿಯಿಂದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಸೇರುವಷ್ಟೇ ಸಮಯ. ಫಾಸ್ಟ್ ಲೋಕಲಿನ ನಿಮಿಷಗಳಲ್ಲಿ ಬದುಕನ್ನು ಅಳೆಯುವ ನಮಗೆ ಪ್ರವಾಸಪಟ್ಟಿಯ ಖಾಲಿ ದಿನವೆಂದರೆ ದುಡ್ಡು ದಂಡವೆಂದೇ ತೋರುತ್ತದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಲೇಹ್ ತಲುಪಿದ ಮೇಲೆ ಎರಡು ಪೂರ್ಣ ದಿನ ಏನನ್ನೂ ನೋಡಬೇಡಿ. ಕೋಣೆ, ಅಂಗಳ, ಮೆಲ್ಲನೆಯ ಒಂದು ಸುತ್ತು ಸಾಕು. ಮೂರನೆಯ ದಿನ ಸಿಂಧೂ ನದಿಯ ಕೆಳದಂಡೆಗೆ ಹೋಗಬಹುದು. ಅಲ್ಚಿಯ ಪುರಾತನ ಬೌದ್ಧ ವಿಹಾರ ಲೇಹ್‌ಗಿಂತ ತಗ್ಗಿನಲ್ಲಿದೆ. ನುಬ್ರಾ ಕಣಿವೆಯೂ ಲೇಹ್‌ಗಿಂತ ತಗ್ಗೇ, ಆದರೆ ನಡುವೆ ಖಾರ್ದುಂಗ್ ಲಾ ಇದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ, ಹೆಚ್ಚು ಹೊತ್ತು ನಿಲ್ಲಬಾರದು. 4,200 ಮೀಟರ್ ಮೀರಿದ ಪ್ಯಾಂಗಾಂಗ್‌ನ ರಾತ್ರಿ ಪಟ್ಟಿಯ ಕೊನೆಗಿರಲಿ. ಗಟ್ಟಿ ಆರೋಗ್ಯ ಇಲ್ಲಿ ರಕ್ಷೆಯಲ್ಲ. ತಲೆನೋವು ಬಂದವರು ಹೇಳಬೇಕು, ಜೊತೆಯವರು ಕೇಳುತ್ತಿರಬೇಕು. ನಡಿಗೆ ತೊದಲಿದರೆ, ಮಾತು ತಪ್ಪಿದರೆ, ಕುಳಿತಲ್ಲೇ ಏದುಸಿರು ಬಂದರೆ ಬೆಳಗಾಗಲೆಂದು ಕಾಯದೆ ತಗ್ಗಿಗೆ ಇಳಿಸಬೇಕು. ಆಮ್ಲಜನಕ ಸಮಯ ಕೊಡುತ್ತದೆ, ಇಳಿಯುವುದೇ ಚಿಕಿತ್ಸೆ.

ನಮ್ಮ ಆ ಹಿರಿಯರು ಈಗಲೂ ನಸುಕಿನಲ್ಲಿ ನಡೆಯುತ್ತಾರೆ. ಅಂದು ಯಾಕೆ ಬಾಯಿ ಬಿಡಲಿಲ್ಲವೆಂದು ಒಮ್ಮೆ ಕೇಳಿದೆ. "ಎಲ್ಲರೂ ಅಷ್ಟು ದೂರದಿಂದ ಬಂದವರು ಮಾರಾಯರೆ, ನನ್ನೊಬ್ಬನಿಗೋಸ್ಕರ ನಿಲ್ಲಿಸುವುದು ಹೇಗೆ?" ಎಂದರು. ಬರುವ ಜೂನಿನಲ್ಲಿ ಅವರು ಮತ್ತೆ ಲಡಾಖ್‌ಗೆ ಹೊರಡಲಿದ್ದಾರೆ, ಈ ಬಾರಿ ವೈದ್ಯರ ಒಪ್ಪಿಗೆ ಪಡೆದು, ಶ್ರೀನಗರದಿಂದ ರಸ್ತೆಯ ಮೂಲಕ. ಕಾರ್ಗಿಲ್‌ನಲ್ಲಿ ಎರಡು ರಾತ್ರಿ ತಂಗುವುದೆಂದು ಪಟ್ಟಿಯಲ್ಲಿ ಅವರೇ ಬರೆದಿದ್ದಾರೆ.